ತಲೆಮರೆಸಿಕೊಂಡ ಅಸ್ಥಿಪಂಜರ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 10.40ಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ನೀಲಿ ಸಮವಸ್ತ್ರದಲ್ಲಿದ್ದಳು. ಎದೆಯ ಮೇಲೆ ಗುತ್ತಿಗೆ ಕಂಪನಿಯ ಹೆಸರಿತ್ತು, ಅವಳ ಹೆಸರಿರಲಿಲ್ಲ. ಮೆಡಿಕಲ್ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿ ಅವಳಿಗೆ ಹನ್ನೆರಡು ದಿನವಾಗಿತ್ತು. ಠಾಣೆಯ ಕಾಗದಪತ್ರಗಳನ್ನೆಲ್ಲ ಬರೆಯುವ ಹೆಡ್ ಕಾನ್‌ಸ್ಟೆಬಲ್‌ನನ್ನು ಎಲ್ಲರೂ ರೈಟರ್ ಎಂದೇ ಕರೆಯುತ್ತಾರೆ. ಅವಳು ಅವನ ಮೇಜಿನ ಮುಂದೆ ಬಂದು ನಿಂತಳು.

"ಏನಮ್ಮಾ?"

"ದೂರು ಕೊಡ್ಬೇಕು ಸಾರ್."

"ಯಾರ ಮೇಲೆ?"

"ಯಾರ ಮೇಲೆ ಅಂತ ಗೊತ್ತಿಲ್ಲ. ನಮ್ಮಣ್ಣನ್ನ ಕಾಲೇಜಲ್ಲಿ ನೇತುಹಾಕಿದ್ದಾರೆ."

ರೈಟರ್ ಪೆನ್ನು ಕೆಳಗಿಟ್ಟ. "ನೇತುಹಾಕಿದ್ದಾರಾ? ಯಾವಾಗ? ಕೆಳಗಿಳಿಸಿದ್ರಾ?"

"ಇಲ್ಲ ಸಾರ್, ಬರೀ ಮೂಳೆ. ಕ್ಲಾಸಿನ ಮೂಲೆಯಲ್ಲಿ, ಕೊಕ್ಕೆಗೆ. ಮಕ್ಕಳಿಗೆ ಪಾಠ ಹೇಳೋಕೆ ಇಟ್ಕೊಂಡಿದ್ದಾರೆ."

ಬಾಗಿಲ ಬಳಿ ಚಹಾ ಕುಡಿಯುತ್ತಿದ್ದ ಜೀಪಿನ ಡ್ರೈವರಿಗೆ ಅದು ಗಂಟಲಲ್ಲೇ ನಿಂತಿತು. "ಗುರುತು ಹೇಗೆ ಸಿಕ್ತಕ್ಕಾ? ನಗು ನೋಡಿಯಾ?"

ಅವಳು ಅವನ ಕಡೆ ತಿರುಗಲಿಲ್ಲ. ತನ್ನ ಎಡಗೈಯ ಎರಡು ಬೆರಳನ್ನು ಕೊರಳ ಮೂಳೆಯ ಮೇಲಿಟ್ಟು ತೋರಿಸಿದಳು. "ಇಲ್ಲೊಂದು ಗಂಟಿದೆ. ಚಿಕ್ಕವನಿದ್ದಾಗ ಗೋಡೆ ಮೇಲಿಂದ ಬಿದ್ದು ಮುರಿದು, ಓರೆಯಾಗಿ ಕೂಡಿಕೊಂಡಿತ್ತು. ಮೂರು ತಿಂಗಳು ಅವನ ಬೆನ್ನು ನಾನೇ ಉಜ್ಜಿದ್ದು. ಮುಂದಿನ ಹಲ್ಲೊಂದು ಮೂಲೆ ಒಡೆದಿದೆ, ಸೋಡಾ ಬಾಟಲಿ ಮುಚ್ಚಳ ಕಚ್ಚಿ ತೆಗೀತಿದ್ದ. ಬೈದರೂ ಬಿಡ್ತಿರ್ಲಿಲ್ಲ."

"ನಿಮ್ಮಣ್ಣ ಏನು ಕೆಲಸ ಮಾಡ್ತಿದ್ದ?"

"ಅದೇ ಕಾಲೇಜಲ್ಲಿ ಲಿಫ್ಟ್ ನಡೆಸ್ತಿದ್ದ. ಮೂರು ವರ್ಷದ ಹಿಂದೆ ತಾಮ್ರದ ತಂತಿ ಕದ್ದು ಓಡಿಹೋದ ಅಂತ ನೀವೇ ಕೇಸ್ ಹಾಕಿದ್ರಿ. ನನ್ನ ಮನೆಗೆ ಬಂದು ಡಬ್ಬಗಳನ್ನೆಲ್ಲ ಬೋರಲು ಹಾಕಿದ್ರಿ. ನೀವೇ ಸಾರ್. ಆ ಮೀಸೆ ನನಗೆ ಚೆನ್ನಾಗಿ ನೆನಪಿದೆ."

ರೈಟರನ ಕೈ ತಂತಾನೇ ಮೀಸೆಯ ಕಡೆಗೆ ಹೋಗಿ ಅರ್ಧದಲ್ಲಿ ನಿಂತಿತು.

ಇನ್‌ಸ್ಪೆಕ್ಟರ್ ಈ ಠಾಣೆಗೆ ಬಂದು ನಾಲ್ಕು ತಿಂಗಳಾಗಿತ್ತು. ಅವನು ಒಳಗಿಂದಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವಳನ್ನು ಕರೆದು ಕೂರಿಸಿ ಒಂದೇ ಪ್ರಶ್ನೆ ಕೇಳಿದ.

"ನಿಮಗೇನಾಗಬೇಕು?"

"ಎರಡೇ ಸಾರ್. ಅವನನ್ನ ಆ ಕೊಕ್ಕೆಯಿಂದ ಇಳಿಸಿ ನನಗೆ ಕೊಡಿ. ಕಳ್ಳ ಅಲ್ಲ ಅಂತ ಬರೆದು ಕೊಡಿ. ಆ ಕೇಸ್ ಆದಮೇಲೆ ನನಗೆ ಆರು ಮನೆಯ ಕೆಲಸ ತಪ್ಪಿತು. ಕಳ್ಳನ ತಂಗಿ ಪಾತ್ರೆ ತೊಳೆದರೆ ಚಮಚ ಎಣಿಸ್ತಾರೆ."

11.25ಕ್ಕೆ ಅಸ್ವಾಭಾವಿಕ ಮರಣದ ವರದಿ ದಾಖಲಾಯಿತು. 11.50ಕ್ಕೆ ಮೇಲಧಿಕಾರಿಯ ಫೋನು ಬಂತು. ಇಪ್ಪತ್ತೈದು ನಿಮಿಷದಲ್ಲಿ ಸುದ್ದಿ ಕಾಲೇಜಿಗೆ ಹೋಗಿ, ಅಲ್ಲಿಂದ ಮೇಲಕ್ಕೆ ಹತ್ತಿ, ಮೇಲಿಂದ ಮತ್ತೆ ಠಾಣೆಗೆ ಇಳಿದಿತ್ತು. ಈ ಇಲಾಖೆಯಲ್ಲಿ ಇಷ್ಟು ವೇಗವಾಗಿ ಓಡುವುದು ಇದೊಂದೇ.

"ಏನಯ್ಯಾ, ಸತ್ತವರು ಸಾಲಲಿಲ್ಲ ಅಂತ ಪಾಠದ ಸಾಮಾನಿಗೂ ಕೇಸ್ ಹಾಕ್ತಿದ್ದೀಯಂತೆ?"

"ಪರಿಶೀಲನೆ ಅಷ್ಟೆ ಸಾರ್."

"ದೊಡ್ಡವರ ಕಾಲೇಜು. ಕೈ ಸುಟ್ಟುಕೋಬೇಡ."

ಮಾರ್ಚ್ 4ರಂದು ಇನ್‌ಸ್ಪೆಕ್ಟರ್ ಕಾಲೇಜಿಗೆ ಹೋದಾಗ ಪ್ರಾಂಶುಪಾಲರು ಸಭೆಯಲ್ಲಿದ್ದರು. 5ರಂದು ರಜೆಯಲ್ಲಿದ್ದರು. 7ರಂದು ಸಿಕ್ಕರು, ಆದರೆ ಆಡಳಿತಾಧಿಕಾರಿಯನ್ನು ಕೇಳಿ ಎಂದರು. ಆಡಳಿತಾಧಿಕಾರಿಯ ಕೋಣೆಯಲ್ಲಿ ಮೆತ್ತನೆಯ ಕುರ್ಚಿಗಳಿದ್ದವು. ಗಾಜಿನ ಕಪಾಟಿನಲ್ಲಿ ಪ್ರಶಸ್ತಿ ಫಲಕಗಳಿದ್ದವು. ಅವರು ನಗುನಗುತ್ತಲೇ ಒಂದು ಹಳೆಯ ರಸೀದಿ ಮುಂದಿಟ್ಟರು.

"ಸ್ಟ್ಯಾಂಡ್ ನಂಬರ್ ನಾಲ್ಕು. ಇಪ್ಪತ್ತಾರು ವರ್ಷದ ಹಿಂದೆ ಕೊಂಡದ್ದು. ಆ ಹೆಂಗಸಿಗೆ ತಲೆ ಸರಿ ಇಲ್ಲ ಅಂತ ಕಾಣುತ್ತೆ. ನಾವೇ ಡಾಕ್ಟರಿಗೆ ತೋರಿಸ್ತೀವಿ ಬಿಡಿ."

"ಮೂಳೆಗಳನ್ನ ಒಯ್ಯಬೇಕು."

"ಪತ್ರ ಕೊಡಿ."

ಪತ್ರ ಕೊಟ್ಟರೆ ಅದರಲ್ಲಿ ಮೊಹರು ಸರಿ ಬಿದ್ದಿಲ್ಲ ಎಂದರು. ಮೊಹರು ಹಾಕಿಸಿಕೊಂಡು ಹೋದರೆ ಪ್ರತಿ ಮೂರು ಬೇಕು ಎಂದರು. ಮೂರು ಪ್ರತಿ ಕೊಟ್ಟರೆ, ವಿದ್ಯಾರ್ಥಿಗಳ ಪರೀಕ್ಷೆ ಮುಗಿಯಲಿ ಎಂದರು. ಇನ್‌ಸ್ಪೆಕ್ಟರ್ ಜೀಪಿನ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದನೆಂದರೆ ಹಿಡಿ ಕಿತ್ತು ಕೈಗೆ ಬಂತು. ಅದಕ್ಕೂ ಒಂದು ಪತ್ರ ಬರೆಯಬೇಕಾಯಿತು.

ನ್ಯಾಯಾಲಯದ ಆದೇಶ ಬಂದದ್ದು ಮಾರ್ಚ್ 13ರಂದು. 14ರ ಬೆಳಿಗ್ಗೆ 9.15ಕ್ಕೆ ಇಬ್ಬರು ಪಂಚರ ಸಮಕ್ಷಮದಲ್ಲಿ ಜಪ್ತಿ ಪಂಚನಾಮೆ ಶುರುವಾಯಿತು. ಮೆಟ್ಟಿಲು ಮೆಟ್ಟಿಲಾಗಿ ಏರಿದ ಬೆಂಚುಗಳ ತರಗತಿ. ಮೂಲೆಯಲ್ಲಿ ಅಸ್ಥಿಪಂಜರ. ಯಾರೋ ಅದರ ತಲೆಗೆ ಟೋಪಿ ಹಾಕಿದ್ದರು, ಹಲ್ಲಿನ ನಡುವೆ ಪೆನ್ನು ಸಿಕ್ಕಿಸಿದ್ದರು. ವಿದ್ಯಾರ್ಥಿಗಳು ಅದನ್ನು 'ಹೀರೋ' ಎಂದು ಕರೆಯುತ್ತಿದ್ದರು. ವರ್ಷಕ್ಕೆ ನೂರೈವತ್ತು ಮಕ್ಕಳು ಅದರ ಪಕ್ಕೆಲುಬು ಎಣಿಸಿ ಪಾಸಾಗುತ್ತಿದ್ದರು. ತಂಗಿ ಪೊರಕೆ ಹಿಡಿದು ಬಾಗಿಲ ಹೊರಗೆ ನಿಂತಿದ್ದಳು. ಒಳಗೆ ಬರಲು ಮೇಲ್ವಿಚಾರಕ ಬಿಟ್ಟಿರಲಿಲ್ಲ.

ಕಾನ್‌ಸ್ಟೆಬಲ್ ತಲೆಬುರುಡೆಗೆ ಕೈ ಹಾಕಿದ.

"ಹಾಗೆ ಎಳೀಬೇಡಿ. ಸೊಂಟ ಹಿಡೀರಿ. ತಲೆ ಹಿಡಿದರೆ ಕತ್ತಿನ ತಂತಿ ಬಿಚ್ಚುತ್ತೆ."

ಹೇಳಿದವನು ಐವತ್ತರ ಸಮೀಪದ ತೆಳ್ಳನೆಯ ಮನುಷ್ಯ. ಮೂಳೆ ಕೋಣೆಯ ಸಹಾಯಕ. ಪಾಠ ಮಾಡುವವರಿಗಿಂತ ಹೆಚ್ಚು ಗೊತ್ತಿದ್ದ ಕಾರಣ ಕಾಲೇಜೆಲ್ಲ ಅವನನ್ನು ಮೂಳೆ ಮೇಷ್ಟ್ರು ಎನ್ನುತ್ತಿತ್ತು. ಮೇಷ್ಟ್ರೇ ಮುಂದೆ ಬಂದು ಟೋಪಿ ತೆಗೆದ, ಹಲ್ಲಿನ ಪೆನ್ನು ತೆಗೆದ, ಮಗುವನ್ನು ತೊಟ್ಟಿಲಿನಿಂದ ಎತ್ತುವ ಹಾಗೆ ಸೊಂಟಕ್ಕೆ ಕೈ ಕೊಟ್ಟು ಇಳಿಸಿದ. ಜೀಪಿನಲ್ಲಿ ಮಲಗಿಸಲು ಜಾಗವಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದರು. ಸಿಗ್ನಲಿನಲ್ಲಿ ಪಕ್ಕದ ಬಸ್ಸಿನವರೆಲ್ಲ ಬಗ್ಗಿ ನೋಡಿದರು.

"ಬಿಡಿ ಸಾರ್, ತಲೆಮರೆಸಿಕೊಂಡಿದ್ದ ಆರೋಪಿ ಸಿಕ್ಕಿಬಿದ್ದ ಅಂತ ಬರೆದರಾಯ್ತು," ಎಂದ ಡ್ರೈವರ್. ಯಾರೂ ನಗಲಿಲ್ಲ. ಕಾಗದದ ಪ್ರಕಾರ ಅದು ತಮಾಷೆಯೂ ಆಗಿರಲಿಲ್ಲ.

ಪ್ರಯೋಗಾಲಯದ ಮೂಳೆ ತಜ್ಞೆ ಪೆಟ್ಟಿಗೆ ತೆರೆದವಳೇ ಸಿಡಿದಳು.

"ಫಿನಾಯಿಲ್ ವಾಸನೆ! ಯಾರು ಒರೆಸಿದ್ದು?"

ಕಾನ್‌ಸ್ಟೆಬಲ್ ಬೂಟು ನೋಡಿಕೊಂಡ. "ಹೆಣದ ಸಾಮಾನು ಅಂತ... ಸ್ವಲ್ಪ ಶುದ್ಧ ಮಾಡಿದೆ ಮೇಡಂ."

"ನಿಮ್ಮ ಶುದ್ಧದಲ್ಲಿ ನನ್ನ ಅರ್ಧ ಸಾಕ್ಷಿ ತೊಳೆದುಹೋಯ್ತು. ಅಲ್ಲಿ ನೋಡಿ, ನೂರ ನಲವತ್ತು ಪೆಟ್ಟಿಗೆ ಕಾದು ಕೂತಿವೆ. ಒಬ್ಬಳೇ ಇದ್ದೀನಿ. ಎಕ್ಸ್-ರೇ ಯಂತ್ರ ಕೆಟ್ಟು ಐದು ತಿಂಗಳಾಯ್ತು. ನೀವು ಬೇರೆ ಬಟ್ಟೆ ತಗೊಂಡು ಉಜ್ಜುತ್ತೀರಿ!"

ಗೋಡೆಯುದ್ದಕ್ಕೂ ಪೆಟ್ಟಿಗೆಗಳು ಸೂರಿಗೆ ತಾಗಿದ್ದವು. ಒಂದೊಂದರ ಮೇಲೂ ಸಂಖ್ಯೆ, ಠಾಣೆ, ದಿನಾಂಕ. ಅವುಗಳಲ್ಲಿ ಒಬ್ಬ ಶ್ರೀಮಂತನ ಮೂಳೆಯೂ ಇರಲಾರದು ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು. ಉಳ್ಳವರು ಕಳೆದುಹೋದರೆ ಅವರನ್ನು ಮಾಂಸವಿದ್ದಾಗಲೇ ಹುಡುಕುತ್ತಾರೆ.

ಬೈದರೂ ತಜ್ಞೆ ಪೆಟ್ಟಿಗೆಯನ್ನು ಸಾಲಿನ ಮೊದಲಿಗೆ ಎಳೆದುಕೊಂಡಳು. ಮಾರ್ಚ್ 26ರಂದು ಕರೆ ಮಾಡಿ ಬರಹೇಳಿದಳು. ಉದ್ದನೆಯ ಮೇಜಿನ ಮೇಲೆ ತಂತಿ ಬಿಚ್ಚಿದ ಮೂಳೆಗಳು ಮನುಷ್ಯನ ಅಂದಾಜಿಗೆ ಮಲಗಿದ್ದವು.

"ಗಂಡಸು. ವಯಸ್ಸು ಮೂವತ್ತೈದರಿಂದ ನಲವತ್ತು. ಕೊರಳ ಮೂಳೆಯ ಗಂಟು, ಒಡೆದ ಹಲ್ಲು, ಎರಡೂ ಆಯಮ್ಮ ಹೇಳಿದ ಹಾಗೇ ಇವೆ. ಆದರೆ ಅದರಿಂದಲೇ ಇವನೇ ಅವನು ಅನ್ನೋಕಾಗಲ್ಲ. ಹಲ್ಲು ಮತ್ತೆ ತಂಗಿಯ ರಕ್ತ ಡಿಎನ್‌ಎಗೆ ಕಳಿಸಿದ್ದೀನಿ. ಎರಡು ತಿಂಗಳಾದರೂ ಹಿಡಿಯುತ್ತೆ."

"ಇಪ್ಪತ್ತಾರು ವರ್ಷ ಹಳೇದಾ?"

"ಮುಟ್ಟಿ ನೋಡಿ."

ತೊಡೆಮೂಳೆಯ ತುದಿ ಬೆರಳಿಗೆ ಜಿಡ್ಡು ಹತ್ತಿಸಿತು.

"ಇದು ಮಜ್ಜೆಯ ಕೊಬ್ಬು, ಇನ್ನೂ ಒಸರುತ್ತಿದೆ. ಹಳೇ ಮೂಳೆ ಒಣಗಿ ಹಗುರಾಗಿರುತ್ತೆ. ಇವನು ಸತ್ತು ಎರಡೂವರೆಯಿಂದ ನಾಲ್ಕು ವರ್ಷ ಆಗಿರಬೇಕು, ಅಷ್ಟೆ. ಕಿವಿಯ ಒಳಗೆ ಮಣ್ಣಿದೆ. ಮೂಗಿನ ಹಿಂದೆ ನೊಣದ ಮರಿ ಹೊರಬಂದು ಬಿಟ್ಟ ಖಾಲಿ ಕೋಶಗಳಿವೆ. ಅದೃಷ್ಟಕ್ಕೆ ನಿಮ್ಮ ಬಟ್ಟೆ ಅಲ್ಲಿಗೆ ತಲುಪಿಲ್ಲ. ಅಂದ್ರೆ ಔಷಧಿ ಚುಚ್ಚಿಟ್ಟ ಹೆಣ ಅಲ್ಲ, ಹಾಗೇ ಮಣ್ಣಿಗೆ ಹೋಗಿದೆ. ತೆಳುವಾಗಿ ಮುಚ್ಚಿದ್ದಾರೆ. ಕೊಳೆತು ಬಿಟ್ಟ ಮೇಲೆ ತೆಗೆದು, ಬೇಯಿಸಿ, ಬಿಳಿ ಮಾಡಿದ್ದಾರೆ. ಕೆಲಸ ಗೊತ್ತಿದ್ದವನ ಕೈ."

"ಸಾವು ಹೇಗೆ?"

ಅವಳು ಬಲಗಾಲಿನ ಮೊಣಕಾಲ ಕೆಳಗಿನ ಉದ್ದ ಮೂಳೆಯನ್ನು ದೀಪದ ಕೆಳಗೆ ತಂದಳು. ಅದು ನಡುವೆ ಮುರಿದಿತ್ತು. ಹಿತ್ತಾಳೆಯ ಕಡ್ಡಿ ಕೂರಿಸಿ, ಮೇಣ ತುಂಬಿ, ಕಾಣದ ಹಾಗೆ ಉಜ್ಜಿದ್ದರು. ಮೇಣವನ್ನು ಅವಳು ತೆಗೆದಿದ್ದಳು.

"ಸತ್ತ ಮೇಲೆ ಮುರಿದಿದ್ದರೆ ಅಂಚು ಚೂಪಾಗಿರಬೇಕು. ಈ ಅಂಚು ಮೊಂಡಾಗಿದೆ. ಎರಡೂ ಕಡೆ ಹೊಸ ಮೂಳೆಯ ತೆಳ್ಳನೆ ಪೊರೆ, ಪಕ್ಕದಲ್ಲಿ ಕೀವು ತಿಂದ ಗುರುತು. ಸತ್ತವನ ಮೂಳೆ ಕೂಡಿಕೊಳ್ಳೋಕೆ ಹೊರಡಲ್ಲ ಇನ್‌ಸ್ಪೆಕ್ಟ್ರೇ. ಕಾಲು ಮುರಿದ ಮೇಲೆ ಇವನು ಹತ್ತು ಹನ್ನೆರಡು ದಿನ ಬದುಕಿದ್ದ."

ಇನ್‌ಸ್ಪೆಕ್ಟರ್ ಆ ಮೂಳೆಯ ಮೇಲೆ ಬಾಗಿದ.

"ಇನ್ನೊಂದು ವಿಷಯ. ಎರಡು ತುಂಡೂ ನೆಟ್ಟಗೆ ಎದುರುಬದುರು ಕೂತು ಬೆಳೆದಿವೆ. ಯಾರೋ ಪಟ್ಟಿ ಕಟ್ಟಿ ಕೂರಿಸಿದ್ದಾರೆ. ಎಷ್ಟೋ ಡಾಕ್ಟರುಗಳು ಇಷ್ಟು ಚೆನ್ನಾಗಿ ಕೂರಿಸಲ್ಲ. ಆದರೆ ಕೀವಿಗೆ ಮಾತ್ರ ಯಾರೂ ಏನೂ ಮಾಡಿಲ್ಲ."

ಠಾಣೆಗೆ ಮರಳಿದ ಇನ್‌ಸ್ಪೆಕ್ಟರ್ ಹಳೆಯ ಕಳವಿನ ಕಡತ ತರಿಸಿದ. ದೂರುದಾರ: ಆಡಳಿತಾಧಿಕಾರಿ. ಆರೋಪಿ: ಲಿಫ್ಟ್ ನಡೆಸುವವನು. ಜುಲೈ 11ರಂದು ಕೊನೆಯದಾಗಿ ಕಂಡಿದ್ದಾನೆ, ಜುಲೈ 14ರಂದು ಎಫ್‌ಐಆರ್. ಸ್ಥಳ ಪಂಚನಾಮೆ ಅದೇ ದಿನ. ಲಿಫ್ಟ್ ಕೋಣೆ, ಅದರ ಕೆಳಗಿನ ಗುಂಡಿ, ನೆಲಮಹಡಿಯ ದಾಸ್ತಾನು ಕೋಣೆಗಳು, 'ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಲಾಯಿತು' ಎಂದು ದುಂಡಗಿನ ಅಕ್ಷರದಲ್ಲಿತ್ತು. ಆ ಅಕ್ಷರ ಇನ್‌ಸ್ಪೆಕ್ಟರಿಗೆ ಪರಿಚಯವಿತ್ತು. ದಿನವೂ ಅದರ ಕೆಳಗೇ ಸಹಿ ಹಾಕುತ್ತಿದ್ದ.

"ರೈಟರೇ, ನೆಲಮಹಡಿಯಲ್ಲಿ ಎಷ್ಟು ದಾಸ್ತಾನು ಕೋಣೆಗಳಿವೆ?"

"ಗೊತ್ತಿಲ್ಲ ಸಾರ್."

"ಪರಿಶೀಲಿಸಿದ್ದೀರಲ್ಲ, ಕೂಲಂಕಷವಾಗಿ."

"ಆಡಳಿತಾಧಿಕಾರಿ ಕಾಫಿ ತರಿಸಿದ್ರು. ಕೆಳಗೆ ಧೂಳು, ಯಾಕೆ ಇಳೀತೀರಿ, ಇಲ್ಲೇ ಕೂತು ಬರ್ಕೊಳ್ಳಿ ಅಂದ್ರು. ಎಲ್ಲರೂ ಹಾಗೇ ಬರೆಯೋದಲ್ವಾ ಸಾರ್? ಪಂಚರ ಸಹಿಯನ್ನೂ ಅವರೇ ಹಾಕಿಸಿ ಕೊಟ್ರು."

ಎಲ್ಲರೂ ಹಾಗೇ ಬರೆಯುತ್ತಾರೆ. ಕುರ್ಚಿಯಲ್ಲಿ ಕೂತು ಕಾಡು ಸುತ್ತುತ್ತಾರೆ, ಕೆರೆ ಅಳೆಯುತ್ತಾರೆ, ಬಾವಿಗೆ ಇಳಿಯುತ್ತಾರೆ. ಇನ್‌ಸ್ಪೆಕ್ಟರ್ ತಾನೂ ಹಾಗೆ ಬರೆದ ಪಂಚನಾಮೆಗಳನ್ನು ನೆನೆದುಕೊಂಡ. ಎಣಿಸಲು ಹೋಗಲಿಲ್ಲ. ಮೂಳೆಯ ಲೆಕ್ಕ ನಿಜವಾದರೆ, ರೈಟರ್ ಕಾಫಿ ಕುಡಿದ ದಿನ ಆರೋಪಿ ಕಾಲು ಮುರಿದುಕೊಂಡು, ಜೀವಂತವಾಗಿ, ಎಲ್ಲೋ ಮಲಗಿದ್ದ. ಎಲ್ಲಿ ಎಂಬುದಷ್ಟೇ ಗೊತ್ತಾಗಬೇಕಿತ್ತು.

ಮಾರ್ಚ್ 28. ಮೂಳೆ ಕೋಣೆ ಅಂಗರಚನಾ ವಿಭಾಗದ ನೆಲಮಹಡಿಯ ಕೊನೆಯಲ್ಲಿತ್ತು. ಒಂದು ಸಿಮೆಂಟ್ ತೊಟ್ಟಿ, ದೊಡ್ಡ ಹಂಡೆ, ಗೋಡೆಗೆ ಕಪಾಟುಗಳು. ಮೊದಲ ಕಪಾಟಿನಲ್ಲಿ ಬೆನ್ನುಮೂಳೆಗಳು ಅಳತೆಯ ಪ್ರಕಾರ ಸಾಲಾಗಿದ್ದವು. ಹಿಂಬಾಗಿಲು ತೆರೆದರೆ ಗೋಡೆ ಕಟ್ಟಿದ ಅಂಗಳ, ಅಲ್ಲಿ ಹನ್ನೆರಡು ಗುಂಡಿ. ಪಕ್ಕದಲ್ಲೊಂದು ಕಿಟಕಿಯಿಲ್ಲದ ದಾಸ್ತಾನು ಕೋಣೆ. ಅದರ ಬಾಗಿಲಿಗೆ ಚಿಲಕ ಹೊರಗಡೆ ಮಾತ್ರ ಇತ್ತು.

"ಗುಂಡಿಯಲ್ಲಿ ಏನು ಹಾಕ್ತೀರಿ?" ಇನ್‌ಸ್ಪೆಕ್ಟರ್ ಕೇಳಿದ.

"ಕೊಯ್ಯೋಕೆ ಬಾರದಷ್ಟು ಕೆಟ್ಟು ಬಂದ ಅನಾಥ ಹೆಣ," ಎಂದ ಮೇಷ್ಟ್ರು. "ಎಂಟು ತಿಂಗಳು. ಮಣ್ಣು ಕೆಲಸ ಮಾಡುತ್ತೆ, ನಾವು ಕಾಯ್ತೀವಿ. ಆಮೇಲೆ ತೆಗೆದು ತೊಳೆದು ಸೆಟ್ ಮಾಡೋದು."

"ಲೆಕ್ಕ ಇಡ್ತೀರಾ?"

ಮೇಷ್ಟ್ರಿಗೆ ಅವಮಾನವಾದಂತಾಯಿತು. "ಲೆಕ್ಕ ಇಲ್ಲದೆ? ಒಬ್ಬನ ಬೆರಳು ಇನ್ನೊಬ್ಬನಿಗೆ ಹೋದರೆ ಏನು ಗತಿ?"

ಉದ್ದನೆಯ ಪುಸ್ತಕ ತಂದು ತಾನೇ ಮುಂದಿಟ್ಟ. ಯಾರೂ ಕೇಳದಿದ್ದರೂ ವರ್ಷಗಟ್ಟಲೆ ಬರೆದಿಟ್ಟ ಪುಸ್ತಕ. ಕ್ರಮಸಂಖ್ಯೆ, ಮೂಲ, ಇಳಿಸಿದ ದಿನ, ಎತ್ತಿದ ದಿನ, ಮೂಳೆಗಳ ಸಂಖ್ಯೆ. 'ಮೂಲ' ಎಂಬ ಕಡೆ ಶವಾಗಾರದ ನಂಬರು. ಇನ್‌ಸ್ಪೆಕ್ಟರನ ಬೆರಳು ಸಾಲು ಸಾಲಾಗಿ ಇಳಿದು ಒಂದು ಕಡೆ ನಿಂತಿತು.

"ಕ್ರಮಸಂಖ್ಯೆ 31. ಇಳಿಸಿದ್ದು ಜುಲೈ 22. ಎತ್ತಿದ್ದು ಮಾರ್ಚ್ 30. ಮೂಳೆ ಇನ್ನೂರು, ಕಿವಿಯ ಆರು ಸಿಗಲಿಲ್ಲ. ಇದು ನಿಮ್ಮ ಕೈಬರಹವಾ?"

"ಹೌದು."

"ಮೂಲ ಖಾಲಿ ಇದೆ."

ಇನ್‌ಸ್ಪೆಕ್ಟರ್ ಮನಸ್ಸಿನಲ್ಲೇ ಕಳೆದ. ಜುಲೈ 11ರಿಂದ 22. ಹನ್ನೊಂದು ದಿನ. ಮೂಳೆ ಹೇಳಿದ ಮಾತನ್ನೇ ಪುಸ್ತಕವೂ ಹೇಳುತ್ತಿತ್ತು.

"ಉಳಿದ ಎಲ್ಲದಕ್ಕೂ ನಂಬರ್ ಇದೆ ಮೇಷ್ಟ್ರೇ. ಇದಕ್ಕೂ ಏನಾದ್ರೊಂದು ಹಾಕಿದ್ರೆ ನಾನಿವತ್ತು ಇಲ್ಲಿ ನಿಂತಿರ್ತಿರ್ಲಿಲ್ಲ."

"ಗೊತ್ತು."

"ಮತ್ಯಾಕೆ ಹಾಕಲಿಲ್ಲ?"

"ಒಂದು ಸುಳ್ಳು ನಂಬರ್ ಹಾಕಿದ್ರೆ ಮುಂದೆ ಬರೋ ನಂಬರೆಲ್ಲ ಸುಳ್ಳಾಗ್ತವೆ ಸಾರ್. ಕೈ ಬರಲಿಲ್ಲ."

ಅಷ್ಟು ಹೇಳಿ ಬಾಯಿ ಮುಚ್ಚಿದವನು ಮತ್ತೆ ತೆರೆಯಲಿಲ್ಲ. ಇನ್‌ಸ್ಪೆಕ್ಟರ್ ಪುಸ್ತಕವನ್ನು ಜಪ್ತಿ ಮಾಡಿದ. ಅಂಗಳದ ಗುಂಡಿಗಳ ಮಣ್ಣನ್ನು ತಾನೇ ನಿಂತು ಮಾದರಿ ತೆಗೆಸಿದ. ಪಂಚನಾಮೆಯನ್ನು ರೈಟರ್ ಅಲ್ಲೇ, ಮೊಣಕಾಲೂರಿ, ಧೂಳಿನಲ್ಲಿ ಕೂತು ಬರೆದ. ಆಮೇಲೆ ಇನ್‌ಸ್ಪೆಕ್ಟರ್ ದಾಸ್ತಾನು ಕೋಣೆಯ ಬಾಗಿಲಿನಿಂದ ಕಾಲೇಜಿನದೇ ಆಸ್ಪತ್ರೆಯ ಕ್ಯಾಶುವಲ್ಟಿ, ಅಂದರೆ ತುರ್ತು ವಿಭಾಗದವರೆಗೆ ನಡೆದ. ಇನ್ನೂರ ಹನ್ನೆರಡು ಹೆಜ್ಜೆ. ಮತ್ತೊಮ್ಮೆ ನಡೆದ. ಇನ್ನೂರ ಹತ್ತು.

ಸಂಜೆ ಮೇಲಧಿಕಾರಿಯ ಫೋನು. "ಡಿಎನ್‌ಎ ಬರೋವರೆಗೆ ಯಾರನ್ನೂ ಮುಟ್ಟಬೇಡ."

ಏಪ್ರಿಲ್ ಹೋಯಿತು. ಪ್ರಯೋಗಾಲಯದಲ್ಲಿ ರಾಸಾಯನಿಕ ಮುಗಿದಿತ್ತು. ಮೇ ಮೊದಲ ವಾರ ರಾಸಾಯನಿಕ ಬಂತು, ವಿದ್ಯುತ್ ಇರಲಿಲ್ಲ. ತಂಗಿ ಪ್ರತಿ ಸೋಮವಾರ ಕೆಲಸಕ್ಕೆ ಮುಂಚೆ ಠಾಣೆಗೆ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಏನನ್ನೂ ಕೇಳುತ್ತಿರಲಿಲ್ಲ. ಅದೇ ಹೆಚ್ಚು ಚುಚ್ಚುತ್ತಿತ್ತು. ಒಂದು ಸೋಮವಾರ ಇನ್‌ಸ್ಪೆಕ್ಟರ್ ತಡೆಯಲಾರದೆ ರೇಗಿದ.

"ನಾನೇನು ಮಾಡ್ಲಮ್ಮಾ? ನನ್ನ ಕೈಲಿ ಏನಿದೆ?"

"ನಿಮ್ಮನ್ನ ಬೈದಿಲ್ಲವಲ್ಲ ಸಾರ್," ಅವಳು ಎದ್ದಳು. "ಬೈಯೋದಾದ್ರೆ ನನಗೂ ಬರುತ್ತೆ."

ಮೇ 19ರಂದು ವರದಿ ಬಂತು. ಹಲ್ಲಿನವನೂ ರಕ್ತದವಳೂ ಒಡಹುಟ್ಟಿದವರು. ಅದೇ ಮಧ್ಯಾಹ್ನ 2.30ಕ್ಕೆ ಕೊಲೆ ಮತ್ತು ಸಾಕ್ಷ್ಯನಾಶದ ಎಫ್‌ಐಆರ್ ದಾಖಲಾಯಿತು. ಮೇ 20, ಬೆಳಿಗ್ಗೆ 11 ಗಂಟೆಗೆ ಮೂಳೆ ಮೇಷ್ಟ್ರು ಠಾಣೆಯ ಕುರ್ಚಿಯಲ್ಲಿ ಕೂತಿದ್ದ. ಇನ್‌ಸ್ಪೆಕ್ಟರ್ ವರದಿಯನ್ನು ಅವನ ಮುಂದೆ ಇಟ್ಟ. ಅವನು ಓದಿ, ಅಂಚು ಸರಿಮಾಡಿ, ಮೇಜಿನ ಮೇಲಿಟ್ಟ.

"ಮೂಲ ಈಗ ತುಂಬಬಹುದು ಸಾರ್."

"ನೀವೇ ಹೇಳಿ."

"ಲಿಫ್ಟಿಗೆ ಪರವಾನಗಿ ಮುಗಿದು ಎರಡು ವರ್ಷ ಆಗಿತ್ತು. ಅವನು ಕೆಳಗಿನ ಗುಂಡಿಗಿಳಿದು ಹಗ್ಗ ನೋಡ್ತಿದ್ದ. ಮೇಲಿಂದ ಲಿಫ್ಟ್ ಒಂದಡಿ ಜಾರಿತು. ಒಂದೇ ಅಡಿ. ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು."

"ಆಸ್ಪತ್ರೆ ಪಕ್ಕದಲ್ಲೇ ಇತ್ತು."

"ಆರು ದಿನಕ್ಕೆ ಮಾನ್ಯತೆ ಕೊಡೋ ಕಮಿಟಿ ಬರೋದಿತ್ತು. ಕ್ಯಾಶುವಲ್ಟಿಗೆ ಹೋದರೆ ಪೊಲೀಸ್ ಕೇಸ್ ಬರೀತಾರೆ, ಪರವಾನಗಿ ಕೇಳ್ತಾರೆ. ಆಡಳಿತಾಧಿಕಾರಿ ಬಂದ್ರು. ಆರು ದಿನ ಸುಮ್ಮನಿರಿ, ಕಮಿಟಿ ಒಪ್ಪಿದ್ರೆ ಇಬ್ಬರಿಗೂ ಕಾಯಂ ಆದೇಶ ಕೊಡಿಸ್ತೀನಿ ಅಂದ್ರು. ಕಾಲು ಕೂರಿಸು, ನಿನಗೆ ಮೂಳೆ ಗೊತ್ತಲ್ಲ ಅಂದ್ರು. ಕೂರಿಸಿದೆ."

"ಅವನು ಏನಂದ?"

"ಒಪ್ಪಿಕೊಂಡ ಸಾರ್. ಅವನೂ ದಿನಗೂಲಿ. ಆ ದಾಸ್ತಾನು ಕೋಣೆಯಲ್ಲಿ ಹಲ್ಲು ಕಚ್ಚಿ ಮಲಗಿದ. ಗುಳಿಗೆ ನಾನೇ ತಂದು ಕೊಡ್ತಿದ್ದೆ. ಅವನೆಲ್ಲಿ ಅಂತ ಯಾರೂ ಕೇಳದಿರಲಿ ಅಂತ ಮೂರನೇ ದಿನ ಅವರು ಕಳ್ಳತನದ ದೂರು ಕೊಟ್ರು, ಅದು ಅವನಿಗೆ ಗೊತ್ತಿರಲಿಲ್ಲ. ಆರನೇ ದಿನ ಕಮಿಟಿ ಮುಂದಕ್ಕೆ ಹೋಯ್ತು. ಇನ್ನೊಂದು ವಾರ ಅಂದ್ರು. ಅಷ್ಟರಲ್ಲಿ ಕಾಲು ಊದಿ ವಾಸನೆ ಬಂದಿತ್ತು. ಏಳನೇ ದಿನ ಜ್ವರ. ನನ್ನ ಕರ್ಕೊಂಡು ಹೋಗು ಅಂದ. ತೆವಳಿಕೊಂಡು ಬಾಗಿಲವರೆಗೆ ಬಂದ."

"ಆಮೇಲೆ?"

ಮೇಷ್ಟ್ರು ತನ್ನ ಬಲಗೈಯನ್ನು ನೋಡಿಕೊಂಡ. "ಚಿಲಕ ಹಾಕಿದೆ."

"ಯಾರು ಹೇಳಿದ್ರು?"

"ಬಾಗಿಲು ಭದ್ರ ಇರಲಿ ಅಂತ ಅವರು ಹೇಳಿದ್ರು. ಹಾಕಿದ್ದು ನಾನು."

"ಬರೆದು ಕೊಟ್ಟಿದ್ರಾ?"

"ಅವರು ಯಾವತ್ತೂ ಏನನ್ನೂ ಬರೆದು ಕೊಟ್ಟಿಲ್ಲ ಸಾರ್. ಆದೇಶಾನೂ ಕೊಟ್ಟಿಲ್ಲ."

ಜುಲೈ 22ರ ಬೆಳಗಿನ ಜಾವ ಜೀವ ಹೋಯಿತು. ಮಧ್ಯಾಹ್ನ ಮಣ್ಣು ಮುಚ್ಚಿದರು. 23ಕ್ಕೆ ಕಮಿಟಿ ಬಂತು, ಸುಣ್ಣ ಹೊಡೆದ ಗೋಡೆ ನೋಡಿತು, ಮೆಚ್ಚಿತು. ಪಟ್ಟಿಯಲ್ಲಿ ಒಂದು ಪೂರ್ಣ ಅಸ್ಥಿಪಂಜರ ಕಡಿಮೆ ಇದೆ, ಮುಂದಿನ ವರ್ಷದೊಳಗೆ ಭರ್ತಿ ಮಾಡಿ ಎಂದಷ್ಟೇ ಟಿಪ್ಪಣಿ ಬರೆಯಿತು. ನಾಲ್ಕನೇ ಸ್ಟ್ಯಾಂಡಿನ ಹಳೆಯದು ಪುಡಿಯಾಗುತ್ತಿತ್ತು. ಅದರ ನಂಬರನ್ನೇ ಹೊಸದಕ್ಕೆ ಅಂಟಿಸಿದರು. ಮಾನ್ಯತೆ ಉಳಿಯಿತು.

ಇನ್‌ಸ್ಪೆಕ್ಟರ್ ಆಡಳಿತಾಧಿಕಾರಿಯನ್ನು ಮೊದಲ ಆರೋಪಿ ಎಂದೇ ಬರೆದ. ಮೇಲಧಿಕಾರಿ ಎರಡು ಬಾರಿ ಫೋನು ಮಾಡಿ, ಮೂರನೇ ಬಾರಿ ಖುದ್ದಾಗಿ ಬಂದು, "ಆಕಸ್ಮಿಕ ಅಂತ ಬರಿ, ಆ ಮೂಳೆಯವನೊಬ್ಬ ಸಾಕು" ಎಂದರೂ ಬದಲಿಸಲಿಲ್ಲ. ಬಂಧಿಸಲು ಹೋದಾಗ ಮಧ್ಯಾಹ್ನ 3.10. ಆಡಳಿತಾಧಿಕಾರಿಗೆ ಎದೆನೋವು ಬಂತು. 3.17ಕ್ಕೆ ತಮ್ಮದೇ ಆಸ್ಪತ್ರೆಯ ವಿಶೇಷ ವಾರ್ಡಿನಲ್ಲಿ ಮಲಗಿದ್ದರು. ಏಳೇ ನಿಮಿಷ. ತಳ್ಳುಗಾಡಿ ಬಂತು, ನಾಲ್ವರು ಡಾಕ್ಟರು ಓಡಿ ಬಂದರು, ಯಾರೂ ಯಾವ ಪರವಾನಗಿಯನ್ನೂ ಕೇಳಲಿಲ್ಲ. ಹೊರಗೆ ಒಬ್ಬ ಕಾನ್‌ಸ್ಟೆಬಲ್‌ನನ್ನು ಕಾವಲಿಗೆ ಕೂರಿಸಿ ಇನ್‌ಸ್ಪೆಕ್ಟರ್ ಹೊರಬಂದ. ಎರಡು ದಿನದಲ್ಲಿ ಜಾಮೀನು ಆಗುತ್ತದೆ ಎಂದು ಅವರ ವಕೀಲ ಮೆಟ್ಟಿಲ ಮೇಲೆಯೇ, ಬಹಳ ವಿನಯದಿಂದ, ತಿಳಿಸಿದ.

ಮೇ 21, ಬುಧವಾರ. ಬೆಳಿಗ್ಗೆ 9.30ಕ್ಕೆ ಮೇಷ್ಟ್ರನ್ನು ನ್ಯಾಯಾಲಯಕ್ಕೆ ಒಯ್ಯುವ ಮುನ್ನ ರೈಟರ್ ಬಂಧನ ಪತ್ರ ತುಂಬುತ್ತಿದ್ದ. ಉದ್ಯೋಗ ಎಂಬಲ್ಲಿ 'ಮೂಳೆ ಕೋಣೆ ಸಹಾಯಕ, ದಿನಗೂಲಿ, ಇಪ್ಪತ್ತೆರಡು ವರ್ಷ' ಎಂದು ಬರೆದ.

"ಇಪ್ಪತ್ತೆರಡು ವರ್ಷ ನಾಲ್ಕು ತಿಂಗಳು," ಎಂದ ಮೇಷ್ಟ್ರು.

ರೈಟರ್ ತಿದ್ದಿದ. ಕೃತ್ಯದ ಉದ್ದೇಶ ಎಂಬ ಸಾಲಿಗೆ ಬಂದಾಗ ತಲೆ ಎತ್ತಿದ. "ಇಲ್ಲಿ ಏನು ಬರೀಲಿ ಸಾರ್? ದ್ವೇಷ ಇರ್ಲಿಲ್ಲ, ಆಸ್ತಿ ಇರ್ಲಿಲ್ಲ, ಹೆಣ್ಣಿನ ವಿಷಯ ಅಲ್ಲ."

"ಕಾಯಂ ಆಗುವ ಆಸೆ ಅಂತ ಬರೀರಿ," ಎಂದ ಇನ್‌ಸ್ಪೆಕ್ಟರ್. "ಹಾಗೇ ಬರೀರಿ."

ಆ ಆಸೆ ಇನ್ನೂ ಈಡೇರಿರಲಿಲ್ಲ. ಕಮಿಟಿ ಹೋದ ಮೇಲೆ ಆದೇಶ ಮುಂದಿನ ವರ್ಷಕ್ಕೆ ಹೋಯಿತು, ಅಲ್ಲಿಂದ ಅದರ ಮುಂದಿನ ವರ್ಷಕ್ಕೆ. ಮೇಷ್ಟ್ರು ಈ ವರ್ಷವೂ ಅರ್ಜಿ ಹಾಕಿದ್ದ. ಪ್ರತಿ ಬೆಳಿಗ್ಗೆ ನಾಲ್ಕನೇ ಸ್ಟ್ಯಾಂಡಿನ ಧೂಳು ಒರೆಸಿದ್ದ.

ತಂಗಿ ಬೆಂಚಿನಿಂದ ಎದ್ದು ಅವನೆದುರು ನಿಂತಳು. ಮಹಿಳಾ ಕಾನ್‌ಸ್ಟೆಬಲ್ ನಡುವೆ ಬರಲು ಹೊರಟಾಗ ಇನ್‌ಸ್ಪೆಕ್ಟರ್ ತಡೆದ.

"ಕೊನೆಗೆ ಏನಾದ್ರೂ ಅಂದನಾ?"

ಮೇಷ್ಟ್ರು ಅವಳ ಮುಖ ನೋಡಲಿಲ್ಲ. "ಕಮಿಟಿ ಬಂತಾ ಅಂತ ಕೇಳ್ತಿದ್ದ ತಾಯೀ. ಚಿಲಕ ಹಾಕಿದ ಮೇಲೆ ಅದೊಂದೇ. ನಾನು ಹೊರಗಿಂದ, ಇನ್ನೂ ಇಲ್ಲ ಅಂತಿದ್ದೆ."

ಅವಳ ಕೈ ಮೇಲೆದ್ದಿತು. ಎದ್ದ ಕೈ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಇದ್ದು ಕೆಳಗಿಳಿಯಿತು. ಮೇಷ್ಟ್ರನ್ನು ಜೀಪಿಗೆ ಹತ್ತಿಸಿದರು.

ಇನ್‌ಸ್ಪೆಕ್ಟರ್ ಅವಳಿಗೆ ಒಂದು ಕಾಗದ ಕೊಟ್ಟ. ಕಳವು ಪ್ರಕರಣ ಸುಳ್ಳು ಎಂದು ನ್ಯಾಯಾಲಯಕ್ಕೆ ಸಲ್ಲಿಸಿದ ವರದಿಯ ಪ್ರತಿ. ಬರೆದದ್ದು ಅದೇ ದುಂಡಗಿನ ಅಕ್ಷರ. ರೈಟರ್ ತನ್ನ ಪಂಚನಾಮೆ ಸುಳ್ಳೆಂದು ತಾನೇ ಹೇಳಿಕೆ ಕೊಟ್ಟಿದ್ದ. ಅದಕ್ಕೆ ಏನು ಶಿಕ್ಷೆ ಬರುವುದೋ ಇನ್ನೂ ಗೊತ್ತಿರಲಿಲ್ಲ. ಅವಳು ಅಕ್ಷರ ಕೂಡಿಸಿ ಕೂಡಿಸಿ ಎರಡು ಸಲ ಓದಿದಳು.

"ಅವನು?"

"ಮೂಳೆಗಳು ಮುದ್ದೆಮಾಲು, ಅಂದ್ರೆ ಕೋರ್ಟಿನ ವಶ. ವಿಚಾರಣೆ ಮುಗಿಯೋವರೆಗೂ ಕೊಡೋಕಾಗಲ್ಲಮ್ಮಾ."

"ಎಷ್ಟು ದಿನ?"

ವರ್ಷಗಳ ಲೆಕ್ಕವನ್ನು ದಿನದಲ್ಲಿ ಹೇಳಲು ಇನ್‌ಸ್ಪೆಕ್ಟರಿಗೆ ಬರಲಿಲ್ಲ. "ಕೊಕ್ಕೆಯಿಂದ ಇಳಿಸಿದ್ದೀವಿ," ಎಂದ. "ಮಲಗಿದ್ದಾನೆ."

ಅವಳು ಕಾಗದವನ್ನು ನಾಲ್ಕಾಗಿ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಗೋಡೆಯ ಗಡಿಯಾರ ನೋಡಿ ಗಾಬರಿಯಾದಳು.

"ಸಾರ್, ಹತ್ತು ಗಂಟೆ ಆಯ್ತು. ಲೇಟಾದ್ರೆ ಮೇಲ್ವಿಚಾರಕ ಒಳಗೆ ಬಿಡಲ್ಲ, ನಾಳೆಯಿಂದ ಬರಬೇಡ ಅಂತಾನೆ. ಠಾಣೆಯಲ್ಲಿದ್ದೆ ಅಂತ ಒಂದು ಚೀಟಿ ಬರೆದುಕೊಡಿ."

"ಅಲ್ಲಿಗೇ ಹೋಗ್ತೀಯಾ?"

"ಇನ್ನೆಲ್ಲಿಗೆ ಹೋಗ್ಲಿ?"

ಇನ್‌ಸ್ಪೆಕ್ಟರ್ ಠಾಣೆಯ ಮೊಹರಿದ್ದ ಹಾಳೆ ಎಳೆದುಕೊಂಡ. ಬಂದ ಸಮಯ 8.50, ಹೋದ ಸಮಯ 10.05 ಎಂದು ಬರೆದ. ಪೆನ್ನು ನಿಲ್ಲಿಸಿ ಕೇಳಿದ.

"ಕಾರಣ ಏನಂತ ಬರೀಲಿ?"

ಅವಳು ಆಗಲೇ ಬಾಗಿಲ ಬಳಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು.

"ಅಣ್ಣ ಸಿಕ್ಕಿದ ಅಂತ ಬರೀರಿ."